ಕೈಬರಹದ ಅಚ್ಚುಮೊಳೆ: ‘ಮಿಸ್ತ್ರಾಲ್’ ಅಕ್ಷರಮಾದರಿಯ ಇತಿಹಾಸವನ್ನು ಕುರಿತು

ನಮ್ಮ ಸಂಘದ ಸ್ಮರಣ ಸಂಪುಟದ ಸಿದ್ಧತೆಯು ನಡೆದಿದ್ದಾಗ ಸಂಪಾದಕ ಸಮಿತಿಯ ಮುಂದೆ ಒಂದು ಸಣ್ಣ ಪ್ರಶ್ನೆಯು ಬಂದಿತು. ಹಿರಿಯ ಸದಸ್ಯರೊಬ್ಬರು ತಮ್ಮ ಊರಿನ ಮನೆಯ ಪೆಟ್ಟಿಗೆಯಲ್ಲಿದ್ದ ಕೆಲವು ಅಂಚೆ ಕಾರ್ಡುಗಳನ್ನು ತಂದುಕೊಟ್ಟಿದ್ದರು. ೧೯೫೦ರ ದಶಕದಲ್ಲಿ ಸಂಘದ ಕಾರ್ಯದರ್ಶಿಗಳಾಗಿದ್ದ ಒಬ್ಬರು ಬರೆದ ಕಾರ್ಡುಗಳವು. ಆದರೆ ಅವು ಅವರ ಸ್ವಂತ ಪತ್ರಗಳಲ್ಲ. ಮುಂಬಯಿಯ ಹೋಟೆಲುಗಳಲ್ಲಿ ದುಡಿಯುತ್ತಿದ್ದ, ಓದುಬರಹ ತಿಳಿಯದ ಹುಡುಗರ ಪರವಾಗಿ ಅವರು ಊರಿನ ತಾಯಿತಂದೆಗಳಿಗೆ ಬರೆದುಕೊಟ್ಟವು. ಶಾಯಿಯು ಮಾಸಿದೆ, ಅಂಚುಗಳು ಸವೆದಿವೆ. ಸಮಿತಿಯ ಕಿರಿಯ ಮಿತ್ರರೊಬ್ಬರು, “ಇವುಗಳ ಚಿತ್ರ ತೆಗೆದು ಹಾಕಿದರೆ ಯಾರಿಗೂ ಓದಲಾಗದು; ಕೈಬರಹದಂತೆಯೇ ಕಾಣುವ ಫಾಂಟ್ ಒಂದಿದೆ, ಅದರಲ್ಲಿ ಬೆರಳಚ್ಚು ಮಾಡಿ ಹಾಕೋಣ; ಹಳೆಯ ಕಳೆಯೂ ಉಳಿಯುತ್ತದೆ, ಓದುವುದಕ್ಕೂ ಸುಲಭವಾಗುತ್ತದೆ” ಎಂದರು. ಎಲ್ಲರೂ ಒಪ್ಪಿದರು. ನಾನು ಮಾತ್ರ ಬೇಡವೆಂದೆ. ಏಕೆ ಬೇಡವೆಂಬುದನ್ನು ಹೇಳಲು ಆ ದಿನ ನನಗೆ ಬರಲಿಲ್ಲ. ಪ್ರಸ್ತುತ ಲೇಖನವು ಆ ತಡವರಿಕೆಯ ಫಲ.

ಹೊಟ್ಟೆಪಾಡಿಗಾಗಿ ನಾನು ಬ್ಯಾಂಕಿನವನು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮಗೆ ಕಲಿಸಿಕೊಟ್ಟ ಪಾಠಗಳಲ್ಲಿ ಒಂದು ಈಗಲೂ ನೆನಪಿದೆ. ಚೆಕ್ಕಿನ ಸಹಿಯು ಮಾದರಿ ಸಹಿಯನ್ನು ಹೋಲದಿದ್ದರೆ ಸಂಶಯಪಡಬೇಕು, ಇದು ಎಲ್ಲರಿಗೂ ತಿಳಿದ ಮಾತು. ಆದರೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೋಲಿದರೆ ಇನ್ನೂ ಹೆಚ್ಚು ಸಂಶಯಪಡಬೇಕು. ಮನುಷ್ಯನು ತನ್ನ ಹೆಸರನ್ನು ಎರಡು ಬಾರಿ ಒಂದೇ ರೀತಿಯಲ್ಲಿ ಬರೆಯಲಾರ. ಹಾಗೆ ಕಂಡುಬಂದಲ್ಲಿ ಒಂದರ ಮೇಲೊಂದು ಇಟ್ಟು ತಿದ್ದಿದ್ದಾರೆಂದೇ ಅರ್ಥ.

ಈ ತತ್ತ್ವವು ನ್ಯಾಯಾಲಯದಲ್ಲಿ ಗಣಿತದ ಬಲದಿಂದ ಮಂಡಿತವಾದ ಪ್ರಸಂಗವೊಂದಿದೆ. ಅಮೆರಿಕದ ಮ್ಯಾಸಚೂಸೆಟ್ಸಿನ ಸಿಲ್ವಿಯಾ ಆ್ಯನ್ ಹೌಲಂಡ್ ಎಂಬ ಸಿರಿವಂತ ಮಹಿಳೆಯು ೧೮೬೫ರಲ್ಲಿ ತೀರಿಕೊಂಡಾಗ, ಆಕೆಯ ಸೋದರಿಯ ಮಗಳು ಹೆಟ್ಟಿ ರಾಬಿನ್ಸನ್ ಹಳೆಯದೊಂದು ಮರಣಶಾಸನವನ್ನು ಮುಂದಿಟ್ಟಳು. ಅದಕ್ಕೆ ಸೇರಿದ ಪುಟದ ಸಹಿಯು ಮೊದಲ ಸಹಿಯೊಡನೆ ಗೆರೆಗೆ ಗೆರೆ ಹೊಂದುತ್ತಿದ್ದಿತು. ಹಾರ್ವರ್ಡಿನ ಗಣಿತಜ್ಞ ಬೆಂಜಮಿನ್ ಪರ್ಸ್ ಮತ್ತು ಆತನ ಮಗ ಚಾರ್ಲ್ಸ್ ಅವರು ಆ ಮಹಿಳೆಯ ೪೨ ಸಹಿಗಳನ್ನು ಒಂದರೊಡನೊಂದು ಹೋಲಿಸಿ, ಪ್ರತಿಯೊಂದರಲ್ಲಿಯೂ ಕೆಳಕ್ಕೆ ಎಳೆದ ೩೦ ಗೀಟುಗಳನ್ನು ಲೆಕ್ಕಕ್ಕೆ ಹಿಡಿದರು. ಒಂದು ಗೀಟು ಇನ್ನೊಂದು ಸಹಿಯ ಅದೇ ಗೀಟಿನೊಡನೆ ಹೊಂದುವುದು ಸರಾಸರಿ ಐದರಲ್ಲೊಂದು ಸಲ. ಮೂವತ್ತೂ ಹೊಂದಬೇಕಾದರೆ ಐದನ್ನು ಐದರಿಂದ ಮೂವತ್ತು ಸ್ಥಾನಗಳವರೆಗೆ ಗುಣಿಸಿಕೊಂಡು ಹೋಗಿ, ಬಂದ ಸಂಖ್ಯೆಯಲ್ಲಿ ಒಂದು ಪಾಲಿನ ಸಂಭವವೆಂದು ಪರ್ಸ್ ಸಾಕ್ಷ್ಯ ನುಡಿದನು. ನ್ಯಾಯಾಲಯವು ೧೮೬೮ರಲ್ಲಿ ಬೇರೊಂದು ಕಾನೂನಿನ ಅಂಶದ ಮೇಲೆ ತೀರ್ಪು ಕೊಟ್ಟಿತೆಂಬುದು ನಿಜ. ಆದರೂ ನಮ್ಮ ವಿಚಾರಕ್ಕೆ ಬೇಕಾದುದು ಅಲ್ಲಿ ದೊರೆಯುತ್ತದೆ: ಕೈಯ ಗುರುತು ಇರುವುದು ಅದರ ಹೋಲಿಕೆಯಲ್ಲಿ ಎಷ್ಟೋ, ಅದರ ಅಸಮತೆಯಲ್ಲಿಯೂ ಅಷ್ಟೇ.

ಅಚ್ಚುಮೊಳೆಯ ಧರ್ಮವು ಇದಕ್ಕೆ ನೇರವಾಗಿ ವಿರುದ್ಧ. ಒಂದೇ ಅಚ್ಚಿನಲ್ಲಿ ಎರಕಹೊಯ್ದ ಸಾವಿರ ‘ಎ’ಗಳು ಸಾವಿರವೂ ಒಂದೇ ಆಗಿರಬೇಕು, ಇಲ್ಲವಾದರೆ ಎರಕದವನು ಕೆಲಸ ಕೆಡಿಸಿದನೆಂದು ಅರ್ಥ. ಹಾಗಿರಲಾಗಿ, ಕೈಬರಹದಂತೆ ಕಾಣುವ ಅಚ್ಚುಮೊಳೆ ಎಂಬುದು ಹೆಸರಿನಲ್ಲಿಯೇ ವಿರೋಧವುಳ್ಳ ವಸ್ತು. ಯೂರೋಪಿನ ಮೊಳೆಗಾರರು ಐದು ಶತಮಾನಗಳ ಕಾಲ ಈ ವಿರೋಧದೊಡನೆ ಸೆಣಸಿದರು.

ಆರಂಭದಲ್ಲಿ ಅಚ್ಚಿಗೂ ಕೈಬರಹಕ್ಕೂ ಇದ್ದ ಸಂಬಂಧವು ಇಂದಿನದಲ್ಲ. ಸುಮಾರು ೧೪೫೫ರಲ್ಲಿ ಮುಗಿದ ಬೈಬಲ್ಲಿಗಾಗಿ ಗುಟೆನ್‌ಬರ್ಗನು ಸುಮಾರು ೨೯೦ ಬಗೆಯ ಮೊಳೆಗಳನ್ನು ಬಳಸಿದನು. ಲ್ಯಾಟಿನ್ ವರ್ಣಮಾಲೆಗೆ ಅಷ್ಟು ಬೇಕಿಲ್ಲ. ಲಿಪಿಕಾರನು ಸಾಲು ತುಂಬಿಸಲು ಅಕ್ಷರವನ್ನು ಹಿಗ್ಗಿಸಿ ಕುಗ್ಗಿಸಿ ಕೂಡಿಸಿ ಬರೆಯುತ್ತಿದ್ದಂತೆ ತಾನೂ ಮಾಡಬೇಕೆಂಬ ಹಟವೇ ಆ ಸಂಖ್ಯೆಗೆ ಕಾರಣ. ವೆನಿಸ್ಸಿನ ಆಲ್ಡಸನಿಗಾಗಿ ಫ್ರಾಂಚೆಸ್ಕೊ ಗ್ರಿಫೊ ಕೊರೆದ ಓರೆಯಕ್ಷರಗಳು ೧೫೦೧ರ ವರ್ಜಿಲ್ ಕೃತಿಯಲ್ಲಿ ಬಳಕೆಗೆ ಬಂದುವು. ಅವೂ ಆ ಕಾಲದ ವಿದ್ವಾಂಸರ ಕೈಬರಹದ ಅನುಸರಣೆಯೇ. ೧೫೫೭ರಲ್ಲಿ ಲಿಯಾನ್ ನಗರದಲ್ಲಿ ರೊಬೇರ್ ಗ್ರಾಂಜೋನನು ಫ್ರೆಂಚರ ನಿತ್ಯದ ಬರವಣಿಗೆಯನ್ನೇ ಮೊಳೆಗೆ ಇಳಿಸಿದನು. ಮಕ್ಕಳಿಗೆ ನಡೆನುಡಿ ಕಲಿಸುವ ಪುಸ್ತಕಗಳನ್ನು ಆ ಅಕ್ಷರಗಳಲ್ಲಿ ಅಚ್ಚು ಹಾಕುತ್ತಿದ್ದುದರಿಂದ ಅವಕ್ಕೆ ‘ಸಿವಿಲಿತೇ’, ಅಂದರೆ ಸಭ್ಯತೆ, ಎಂಬ ಹೆಸರೇ ನಿಂತಿತು. ಇಟಲಿಯವರಿಗೆ ಅವರ ಓರೆಯಕ್ಷರವಿದ್ದಂತೆ ಫ್ರೆಂಚರಿಗೆ ತಮ್ಮದೊಂದು ಇರಲಿ ಎಂಬುದು ಗ್ರಾಂಜೋನನ ಆಶಯ. ಅದು ಈಡೇರಲಿಲ್ಲ. ಪರಭಾಷೆಯ ನಗರದಲ್ಲಿ ಸ್ವಭಾಷೆಯ ಪತ್ರಿಕೆ ನಡೆಸುವವರಿಗೆ ಈ ಸೋಲು ಅಪರಿಚಿತವೇನಲ್ಲ.

ಮುಂದೆ ಲೋಹದ ತಗಡಿನ ಮೇಲೆ ಕೊರೆದ ಸೊಗಸಾದ ಓರೆಬರಹವು ಫ್ಯಾಷನ್ನಿಗೆ ಬಂದಾಗ ಮೊಳೆಗಾರರ ಕಷ್ಟವು ಇಮ್ಮಡಿಸಿತು. ಮೊಳೆಯೆಂಬುದು ಸೀಸ, ತವರ, ಆ್ಯಂಟಿಮನಿಗಳ ಮಿಶ್ರಣದಿಂದ ಎರೆದ ಚೌಕನೆಯ ಕಡ್ಡಿ. ಓರೆಯಾದ ಅಕ್ಷರವು ಚೌಕದೊಳಗೆ ಹಿಡಿಸುವುದಿಲ್ಲ; ತಲೆಯೋ ಬಾಲವೋ ಪಕ್ಕದ ಮೊಳೆಯ ಮೇಲೆ ಚಾಚಿಕೊಳ್ಳುತ್ತದೆ; ಹಾಗೆ ಚಾಚಿದ ಭಾಗವು ಅಚ್ಚಿನ ಒತ್ತಡಕ್ಕೆ ಮುರಿಯುತ್ತದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಪ್ಯಾರಿಸಿನ ಫರ್ಮಿನ್ ದಿದೋ ಮೊಳೆಯ ಕಡ್ಡಿಯನ್ನೇ ಓರೆಯಾಗಿ ಎರೆಯಿಸಿ ಇದಕ್ಕೊಂದು ಪರಿಹಾರ ಕಂಡುಕೊಂಡನು. ಅಕ್ಷರಗಳು ಬೆಸೆದುಕೊಂಡುವು. ಆದರೆ ಅದು ಶಾಲೆಯ ಕಾಪಿ ಪುಸ್ತಕದ ಬರಹ. ನಿಯಮಕ್ಕೆ ಕಟ್ಟುಬಿದ್ದ ಕೈ.

ಅಡ್ಡಾದಿಡ್ಡಿಯಾಗಿ, ಸಲಿಗೆಯಿಂದ ಬರೆದಂತೆ ಕಾಣುವ ಅಕ್ಷರಗಳನ್ನು ಬೇಡಿದ್ದು ಇಪ್ಪತ್ತನೆಯ ಶತಮಾನದ ಜಾಹೀರಾತು. ಭಿತ್ತಿಪತ್ರ ಬರೆಯುವ ಚಿತ್ರಕಾರನು ಕುಂಚದಿಂದ ಏನನ್ನಾದರೂ ಬರೆದಾನು, ಮೊಳೆ ಜೋಡಿಸುವ ಮುದ್ರಕನಿಗೆ ಆ ಸ್ವಾತಂತ್ರ್ಯವಿಲ್ಲ, ಗಿರಾಕಿಯು ಕೈಬಿಟ್ಟುಹೋಗುತ್ತಾನೆ. ಅಮೆರಿಕದ ದೊಡ್ಡ ಮೊಳೆ ಕಂಪನಿಯು ೧೯೩೬ರಲ್ಲಿ ಮ್ಯಾಕ್ಸ್ ಕೌಫ್‌ಮನ್ನನ ಹೆಸರಿನದನ್ನೂ, ೧೯೪೨ರಲ್ಲಿ ರಾಬರ್ಟ್ ಸ್ಮಿತ್ತನ ‘ಬ್ರಷ್ ಸ್ಕ್ರಿಪ್ಟ್’ಅನ್ನೂ, ೧೯೫೧ರಲ್ಲಿ ಪೀಟರ್ ಡಾಂಬ್ರೆಜಿಯನ್ನನ ‘ಡಾಮ್ ಕ್ಯಾಶುಯಲ್’ಅನ್ನೂ ಹೊರಡಿಸಿತು. ಇವುಗಳಲ್ಲಿ ಕೊನೆಯದರ ಅಕ್ಷರಗಳು ಬಿಡಿಬಿಡಿ. ಮೊದಲೆರಡು ಕೂಡಿಕೊಂಡವು, ಆದರೆ ಬಹಳ ನುಣುಪು. ಅಂಗಡಿಯವನ ನಗುವಿನಂತೆ.

ಈ ಹಿನ್ನೆಲೆಯಲ್ಲಿ ೧೯೫೩ರಲ್ಲಿ ‘ಮಿಸ್ತ್ರಾಲ್’ ಬಂದಿತು. ಇದನ್ನು ರೂಪಿಸಿದ ರೋಜೆ ಎಕ್ಸ್‌ಕೋಫಾನ್ ೧೯೧೦ರಲ್ಲಿ ಫ್ರಾನ್ಸಿನ ಮಾರ್ಸೇಲ್ಸ್ ನಗರದಲ್ಲಿ ಹುಟ್ಟಿದನು. ಅದೇ ವರ್ಷದ ಜುಲೈ ತಿಂಗಳಿನಲ್ಲಿ ಸಾವರ್ಕರರು ಹಡಗಿನಿಂದ ಧುಮುಕಿ ಈಜಿದ ಬಂದರು ಅದೆಂಬುದನ್ನು ಮುಂಬಯಿಯ ವಾಚಕರಿಗೆ ನೆನಪಿಸಬೇಕಾಗಿಲ್ಲ. ಎಕ್ಸ್‌ಕೋಫಾನನು ಮೊದಲು ಓದಿದ್ದು ಕಾನೂನು. ಅದನ್ನು ಬಿಟ್ಟು ಚಿತ್ರಕಲೆಗಾಗಿ ಪ್ಯಾರಿಸಿಗೆ ಹೋದನು. ಎರಡನೆಯ ಮಹಾಯುದ್ಧದ ನಂತರ ಜಾಹೀರಾತಿನ ಸ್ವಂತ ಕಚೇರಿಯನ್ನು ನಡೆಸುತ್ತ, ಮಾರ್ಸೇಲ್ಸಿನ ‘ಫೊಂದರಿ ಓಲೀವ್’ ಎಂಬ ಮೊಳೆ ಎರಕದ ಕಾರ್ಖಾನೆಗೆ ಅಕ್ಷರ ರೂಪಿಸಿಕೊಡತೊಡಗಿದನು. ೧೯೫೧ರಲ್ಲಿ ‘ಬಾಂಕೊ’, ೧೯೫೩ರಲ್ಲಿ ‘ಮಿಸ್ತ್ರಾಲ್’, ೧೯೫೫ರಲ್ಲಿ ‘ಶೋಕ್’, ೧೯೫೮ರಲ್ಲಿ ‘ಕಾಲಿಪ್ಸೊ’: ಹೀಗೆ ಒಂದರ ಹಿಂದೊಂದು. ಮಿಸ್ತ್ರಾಲ್ ಎಂಬುದು ರೋನ್ ಕಣಿವೆಯಿಂದ ದಕ್ಷಿಣಕ್ಕೆ, ಮೆಡಿಟರೇನಿಯನ್ ಕಡಲಿನತ್ತ ಬೀಸುವ ಚಳಿಗಾಳಿಯ ಹೆಸರು. ೧೯೦೪ರಲ್ಲಿ ನೊಬೆಲ್ ಬಹುಮಾನವನ್ನು ಹಂಚಿಕೊಂಡ ಪ್ರೊವೆನ್ಸಾಲ್ ಕವಿಯ ಹೆಸರೂ ಅದೇ. ಅಕ್ಷರಗಳ ಧಾಟಿಯನ್ನು ನೋಡಿದರೆ ಗಾಳಿಯೇ ಹೆಚ್ಚು ಒಪ್ಪುತ್ತದೆ.

ಮಿಸ್ತ್ರಾಲಿಗೆ ಆಧಾರವಾದುದು ಎಕ್ಸ್‌ಕೋಫಾನನ ಸ್ವಂತ ಕೈಬರಹ. ಮೇಲುನೋಟಕ್ಕೆ ಅದು ಅವಸರದಲ್ಲಿ ಕುಂಚದಿಂದ ಗೀಚಿದ ಚೀಟಿಯಂತಿದೆ. ಗೀಟಿನ ಅಂಚು ಒರಟು; ಅಕ್ಷರಗಳ ಎತ್ತರದಲ್ಲಿ ಒಂದು ಬಗೆಯ ಕುಣಿತ. ಆದರೆ ಸಣ್ಣಕ್ಷರಗಳು ಒಂದರ ಕೈಯನ್ನೊಂದು ಹಿಡಿದುಕೊಂಡೇ ಸಾಗುತ್ತವೆ. ಇದು ಎಷ್ಟು ಕಠಿನವೆಂಬುದನ್ನು ಗುಮಾಸ್ತೆಯ ಲೆಕ್ಕದಿಂದ ತಿಳಿಯಬಹುದು. ಸಣ್ಣಕ್ಷರಗಳು ೨೬, ಅವುಗಳಲ್ಲಿ ಯಾವುದರ ಮುಂದೆ ಯಾವುದಾದರೂ ಬರಬಹುದಾದ್ದರಿಂದ ಸಂಧಿಗಳು ೬೭೬. ಫ್ರೆಂಚಿನ ಸ್ವರಚಿಹ್ನೆಗಳನ್ನು ಸೇರಿಸಿದರೆ ಇನ್ನೂ ಹೆಚ್ಚು. ಬರೆಯುವವನ ಕೈಗೆ ಮುಂದಿನ ಅಕ್ಷರವು ಮೊದಲೇ ತಿಳಿದಿರುತ್ತದೆ; ಅದಕ್ಕೆ ತಕ್ಕಂತೆ ಹಿಂದಿನ ಅಕ್ಷರದ ಬಾಲವನ್ನು ಎತ್ತುತ್ತದೆ, ಇಳಿಸುತ್ತದೆ. ಮೊಳೆಗೆ ನೆರೆಯವರಾರೆಂಬುದು ತಿಳಿಯದು. ಯಾವ ನೆರೆಯವನು ಬಂದರೂ ಸಲ್ಲುವ ಒಂದೇ ಬಾಲ, ಒಂದೇ ತಲೆ ಅದಕ್ಕಿರಬೇಕು. ಬಾಲವು ಕಡ್ಡಿಯ ಅಂಚಿನವರೆಗೆ ಬಂದು ಅಲ್ಲಿಯೇ ನಿಲ್ಲಬೇಕು; ಅಂಚು ಸ್ವಲ್ಪ ಸವೆದರೂ ಬೆಸುಗೆಯ ಜಾಗದಲ್ಲಿ ಬಿಳಿಯ ಬಿರುಕು ಕಾಣುತ್ತದೆ.

ಹಿಂದಿನವರು ಈ ಕಾರಣದಿಂದಲೇ ಎಲ್ಲ ಅಕ್ಷರಗಳನ್ನೂ ಒಂದೇ ಓರೆಗೆ, ಒಂದೇ ಎತ್ತರಕ್ಕೆ ಬಗ್ಗಿಸಿದ್ದರು. ಎಕ್ಸ್‌ಕೋಫಾನನು ಸಂಧಿಯ ಜಾಗವನ್ನು ಮಾತ್ರ ಕಟ್ಟುನಿಟ್ಟಾಗಿಟ್ಟು, ಉಳಿದ ಮೈಯನ್ನು ಸಡಿಲ ಬಿಟ್ಟನು. ಗೀಟಿನ ಅಂಚು ಮೊದಲೇ ಒರಟಾಗಿರುವುದರಿಂದ ಬೆಸುಗೆಯ ಸಣ್ಣ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಬಿದ್ದರೂ ಅದು ಕುಂಚದ ತಪ್ಪೆಂದು ಓದುಗನು ಭಾವಿಸುತ್ತಾನೆ. ಎಲ್ಲೆಲ್ಲಿ ನಿರ್ಲಕ್ಷ್ಯವು ಕಾಣುತ್ತದೆಯೋ ಅಲ್ಲೆಲ್ಲ ಲೆಕ್ಕವಿದೆ. ನನ್ನ ದೃಷ್ಟಿಯಲ್ಲಿ ಈ ಅಕ್ಷರಮಾದರಿಯ ಹೆಚ್ಚಳವಿರುವುದು ಇಲ್ಲಿಯೇ. ಇದು ಕೈಬರಹದ ಪ್ರತಿಯಲ್ಲ. ಕೈಬರಹವನ್ನು ನೋಡುವಾಗ ನಮ್ಮ ಕಣ್ಣು ಏನನ್ನು ಕ್ಷಮಿಸುತ್ತದೆ ಎಂಬುದರ ಅಧ್ಯಯನ. ದೋಷಗಳೂ ಉಂಟು. ಬರಿಯ ದೊಡ್ಡಕ್ಷರಗಳಲ್ಲಿ ಜೋಡಿಸಿದರೆ ಅದು ಕಣ್ಣಿಗೆ ಹಿಂಸೆ. ಪುಟಗಟ್ಟಲೆ ಓದಲೂ ಆಗದು. ಹುಟ್ಟಿದ್ದೇ ಶೀರ್ಷಿಕೆಗಾಗಿ, ಫಲಕಕ್ಕಾಗಿ, ಹೊದಿಕೆಗಾಗಿ.

ಆಮ್‌ಸ್ಟರ್‌ಡ್ಯಾಮಿನ ಮೊಳೆ ಕಾರ್ಖಾನೆಯು ೧೯೫೫ರಲ್ಲಿ ಇದನ್ನು ತಾನೂ ಹೊರತಂದಿತು. ಫ್ರಾನ್ಸಿನ ಅಂಗಡಿ ಮುಂಗಟ್ಟುಗಳಲ್ಲಿ, ಕ್ಷೌರದಂಗಡಿ, ಹೂವಿನಂಗಡಿ, ಉಪಾಹಾರಗೃಹಗಳ ಮೇಲೆ ಅದು ಹರಡಿತು. ಒಬ್ಬ ಮನುಷ್ಯನ ಕೈಯು ಒಂದು ದೇಶದ ಬೀದಿಗಳಲ್ಲೆಲ್ಲ ಬರೆಯತೊಡಗಿತು ಎನ್ನಬಹುದು; ಆದರೆ ಬರೆದವನಾರೆಂದು ಬೀದಿಯಲ್ಲಿ ಯಾರೂ ಕೇಳಲಿಲ್ಲ. ಅವನು ೧೯೮೩ರಲ್ಲಿ ತೀರಿಕೊಂಡನು. ಅವನ ಕೈಬರಹವು ಗಣಕಯಂತ್ರಗಳಿಗೂ ಬಂದಿತು. ೨೦೧೧ರಲ್ಲಿ ತೆರೆಕಂಡ ‘ಡ್ರೈವ್’ ಎಂಬ ಅಮೆರಿಕನ್ ಚಲನಚಿತ್ರದ ಶೀರ್ಷಿಕೆಯಲ್ಲಿ ಗುಲಾಬಿ ಬಣ್ಣ ತಳೆದು ಕಾಣಿಸಿಕೊಂಡಿತು. ಬ್ಯಾಂಕಿನವನಿಗೆ ಇದು ವಿಚಿತ್ರ. ಖಾತೆದಾರನು ಸತ್ತ ಮೇಲೂ ಅವನ ಸಹಿಯು ನಡೆಯುತ್ತಿದೆ!

ಗಣಕಯಂತ್ರದ ಯುಗದಲ್ಲಿ ಹಳೆಯ ವಿರೋಧವನ್ನು ಬೇರೆ ದಿಕ್ಕಿನಿಂದ ಬಗೆಹರಿಸಲು ಯತ್ನಗಳಾದುವು. ಹಾಲೆಂಡಿನ ಎರಿಕ್ ವಾನ್ ಬ್ಲಾಕ್‌ಲಾಂಡ್ ಮತ್ತು ಯುಸ್ಟ್ ವಾನ್ ರೋಸಮ್ ಎಂಬ ತರುಣರು ೧೯೯೦ರ ಆಸುಪಾಸಿನಲ್ಲಿ, ಪ್ರತಿಬಾರಿ ಅಚ್ಚಾಗುವಾಗಲೂ ಅಂಚು ಬದಲಾಗುವ ‘ಬಿಯೋವುಲ್ಫ್’ ಎಂಬ ಅಕ್ಷರಮಾದರಿಯನ್ನು ಮಾಡಿದರು. ಒಬ್ಬನ ಬಲಗೈ, ಇನ್ನೊಬ್ಬನ ಎಡಗೈ ಬರಹಗಳನ್ನೂ ಫಾಂಟುಗಳನ್ನಾಗಿ ಮಾರಾಟಕ್ಕಿಟ್ಟರು. ೧೯೯೮ರ ‘ಜಾಪ್ಫೀನೊ’ದಲ್ಲಿ ಹರ್ಮನ್ ಜಾಪ್ಫ್ ಒಂದೊಂದು ಅಕ್ಷರಕ್ಕೂ ಹಲವು ರೂಪಗಳನ್ನು ಕೊಟ್ಟನು. ನೆರೆಯ ಅಕ್ಷರವನ್ನು ನೋಡಿ ತಾನೇ ರೂಪ ಬದಲಿಸುವ ಫಾಂಟುಗಳು ಇಂದು ಸಾಮಾನ್ಯ. ಗುಟೆನ್‌ಬರ್ಗನ ೨೯೦ ಮೊಳೆಗಳ ಹಟವು ಹೀಗೆ ಮರಳಿ ಬಂದಿತೆನ್ನಬೇಕು. ೧೯೯೪ರಲ್ಲಿ ವಿನ್ಸೆಂಟ್ ಕೊನೇರ್ ರೂಪಿಸಿದ ‘ಕಾಮಿಕ್ ಸ್ಯಾನ್ಸ್’ ಕತೆಯು ಬೇರೆ. ಮಕ್ಕಳ ಚಿತ್ರಕಥೆಯ ಧಾಟಿಯ ಆ ಅಕ್ಷರಗಳಲ್ಲಿ ವಸೂಲಿ ನೋಟೀಸು ಬಂದುದನ್ನೂ ನಾನು ಕಂಡಿದ್ದೇನೆ.

ಮಿಸ್ತ್ರಾಲಿನ ಒಡೆತನದ ದಾರಿಯಲ್ಲಿ ಕನ್ನಡಿಗನನ್ನು ತಡೆದು ನಿಲ್ಲಿಸುವ ಒಂದು ಊರಿದೆ. ೧೯೭೮ರಲ್ಲಿ ಫೊಂದರಿ ಓಲೀವ್ ಸ್ವಿಟ್ಜರ್ಲೆಂಡಿನ ಹಾಸ್ ಕಾರ್ಖಾನೆಯ ಪಾಲಾಯಿತು. ಹಾಸ್ ಮನೆತನದ ಊರು ಬಾಸೆಲ್. ಬಾಸೆಲ್ ಎಂದೊಡನೆ ನಮ್ಮ ಮನಸ್ಸು ಮಂಗಳೂರಿಗೆ ಓಡುತ್ತದೆ. ಅಲ್ಲಿ ಬಾಸೆಲ್ ಮಿಶನ್ನಿನವರು ೧೮೪೧ರಲ್ಲಿ ಸ್ಥಾಪಿಸಿದುದು ಕಲ್ಲಚ್ಚಿನ ಮುದ್ರಣಾಲಯ. ೧೮೪೩ರ ಜುಲೈ ೧ರಂದು ಹರ್ಮನ್ ಮೋಗ್ಲಿಂಗ್ ಹೊರಡಿಸಿದ ‘ಮಂಗಳೂರ ಸಮಾಚಾರ’ವು ಅಚ್ಚಾದುದು ಕಲ್ಲಿನ ಮೇಲೆ. ಕಲ್ಲಚ್ಚಿನಲ್ಲಿ ಮೊಳೆಯಿಲ್ಲ, ಯಾರೋ ಒಬ್ಬನು ಕೈಯಿಂದ ಬರೆದುದೇ ಪುಟವಾಗುತ್ತದೆ. ಆದುದರಿಂದ ಕನ್ನಡದ ಮೊದಲ ವೃತ್ತಪತ್ರಿಕೆಯನ್ನು ನಮ್ಮ ಹಿರಿಯರು ಓದಿದುದು ಕೈಬರಹದಲ್ಲಿ. ಅಲ್ಲಿ ಎರಡು ‘ಅ’ಗಳು ಒಂದೇ ಆಗಿರಲು ಸಾಧ್ಯವಿರಲಿಲ್ಲ.

ಮೊಳೆಯಲ್ಲಿ ಮೋಡಿಬರಹವನ್ನು ಹಿಡಿಯುವ ಪ್ರಯತ್ನವೂ ನಮ್ಮ ದೇಶಕ್ಕೆ ಹೊಸದಲ್ಲ. ಲೇಖನಿಯನ್ನು ಎತ್ತದೆ ಬರೆಯುವ ಮರಾಠಿಯ ಮೋಡಿ ಲಿಪಿಗೆ ಶ್ರೀರಾಮಪುರದಲ್ಲಿ ಮೊಳೆಗಳಾಗಿ, ವಿಲಿಯಂ ಕೇರಿಯ ಮರಾಠಿ ನಿಘಂಟು ೧೮೧೦ರಲ್ಲಿ ಅವುಗಳಲ್ಲಿ ಅಚ್ಚಾಯಿತು. ಅದೇ ಕೇರಿಯ ಕನ್ನಡ ವ್ಯಾಕರಣವು ೧೮೧೭ರದು. ಹಳೆಯ ದಾಖಲೆಗಳಲ್ಲಿ ಕನ್ನಡಕ್ಕೂ ಒಂದು ಮೋಡಿ ಬರವಣಿಗೆಯುಂಟು. ಆದರೆ ನಮ್ಮ ಅಚ್ಚಿನ ಸಂಪ್ರದಾಯವು ದುಂಡಗೆ ನಿಂತ ಬಿಡಿ ಅಕ್ಷರಗಳನ್ನೇ ಹಿಡಿದು ಬೆಳೆಯಿತು.

ಇಲ್ಲಿ ಎಕ್ಸ್‌ಕೋಫಾನನ ವಿದ್ಯೆಯು ನೇರವಾಗಿ ನಮಗೆ ಒದಗುವುದಿಲ್ಲವೆಂಬುದನ್ನು ಗಮನಿಸಬೇಕು. ಅವನ ಸಮಸ್ಯೆಯು ಎಡಬಲದ ಸಂಧಿ. ಕನ್ನಡದ ಅಕ್ಷರಗಳು ಪಕ್ಕದವರ ಕೈ ಹಿಡಿಯುವುದಿಲ್ಲ. ನಮ್ಮ ಸಂಧಿಯು ಮೇಲಿನಿಂದ ಕೆಳಕ್ಕೆ. ಅವಸರದಲ್ಲಿ ಬರೆಯುವವನ ತಲೆಕಟ್ಟು ಕುಗ್ಗಿ ಅಕ್ಷರದ ಮೈಯೊಡನೆ ಒಂದೇ ಎಳೆತದಲ್ಲಿ ಸೇರಿಹೋಗುತ್ತದೆ. ಕೊಂಬು ಮುಂದಿನ ಅಕ್ಷರದತ್ತ ಚಾಚುತ್ತದೆ. ದೀರ್ಘವು ಬಾಲವಾಗಿ ಉಳಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾದುದು ಒತ್ತು. ಲೋಹದ ಕಾಲದಲ್ಲಿ ಒತ್ತಿನ ಮೊಳೆಯು ಬೇರೆ, ಮೇಲಿನ ಅಕ್ಷರವು ಬೇರೆ. ‘ಅಕ್ಕ’ನ ಒತ್ತೇ ‘ಚುಕ್ಕಿ’ಗೂ. ಕೈಬರಹದಲ್ಲಿ ಒತ್ತಿಗೆ ತನ್ನ ಯಜಮಾನನಾರೆಂಬುದು ಗೊತ್ತು. ‘ಅಮ್ಮ’ದ ಕೆಳಗೆ ಅದು ಒಂದು ಬಗೆಯಾಗಿ ಕುಳಿತರೆ ‘ಹೆಮ್ಮೆ’ಯ ಕೆಳಗೆ ಇನ್ನೊಂದು ಬಗೆ. ಕನ್ನಡದಲ್ಲಿ ಕೈಬರಹದ ಮಾದರಿಯನ್ನು ರೂಪಿಸುವವನು ಲೆಕ್ಕ ಹಾಕಬೇಕಾದುದು ಈ ಸಂಬಂಧಗಳನ್ನು.

ಕೆಲಸಗಳು ನಡೆದಿವೆ. ವಿಂಡೋಸ್‌ಗಾಗಿ ಭಾರತೀಯ ಲಿಪಿಗಳ ಫಾಂಟುಗಳನ್ನು ರೂಪಿಸಿದ ಮುಂಬಯಿಯ ಆರ್. ಕೆ. ಜೋಶಿಯವರು (೧೯೩೬–೨೦೦೮) ಸ್ವತಃ ಸುಲೇಖಕಾರರು. ಆದರೆ ಅವರಿಂದ ಯಂತ್ರಕ್ಕೆ ಬೇಕಾಗಿದ್ದುದು ಓದಿನ ಅಕ್ಷರ, ಲೀಲೆಯ ಅಕ್ಷರವಲ್ಲ. ಅರವಿಂದ ವಿ. ಕೆ. ಅವರು ರೂಪಿಸಿ ಯಾರು ಬೇಕಾದರೂ ಬಳಸುವಂತೆ ಬಿಟ್ಟಿರುವ ‘ನವಿಲು’ ಕನ್ನಡದ ಕೈಬರಹದ ಧಾಟಿಯದು. ವೈಷ್ಣವಿ ಮೂರ್ತಿ ಯರ್ಕಡಿತ್ತಾಯ ಮತ್ತು ಹುವಾನ್ ಲೂಯಿಸ್ ಬ್ಲಾಂಕೊ ಅವರ ‘ಅಕಾಯ’ವು ಕನ್ನಡ, ತೆಲುಗು, ಲ್ಯಾಟಿನ್ ಲಿಪಿಗಳಿಗೆ ಶೀರ್ಷಿಕೆಯ ಅಕ್ಷರಗಳನ್ನು ಒದಗಿಸುತ್ತದೆ. ನಾಟಕದ ಕರಪತ್ರಕ್ಕೆ, ಪುಸ್ತಕದ ಹೊದಿಕೆಗೆ ಇಂಥವು ಇನ್ನೂ ಹತ್ತಾರು ಬೇಕು. ಪ್ರತಿಯೊಂದು ಕನ್ನಡ ಆಮಂತ್ರಣವೂ ಒಂದೇ ಮುಖ ಹೊತ್ತು ಬರುವುದನ್ನು ನೋಡಿ ಬೇಸತ್ತವರಲ್ಲಿ ನಾನೂ ಒಬ್ಬ.

ಇಷ್ಟು ಓದಿಕೊಂಡು ಸಮಿತಿಯ ಮುಂದಿನ ಸಭೆಗೆ ಹೋದೆ. ಕಾರ್ಡುಗಳಲ್ಲಿ ಒಂದನ್ನು ಮೇಜಿನ ಮೇಲಿಟ್ಟು, ಕಿರಿಯ ಮಿತ್ರರಿಗೆ ಕೊನೆಯ ಸಾಲನ್ನು ತೋರಿಸಿದೆ. ಮೇಲಿನ ಹನ್ನೊಂದು ಸಾಲುಗಳು ಕಾರ್ಯದರ್ಶಿಗಳ ಬಳಗಿದ ಕೈ: ಸಂಬಳದಲ್ಲಿ ಇಪ್ಪತ್ತು ರೂಪಾಯಿ ಮನಿಯಾರ್ಡರ್ ಮಾಡಿದ್ದೇನೆ, ಕೆಮ್ಮು ವಾಸಿಯಾಗಿದೆ, ಆಕಳನ್ನು ಮಾರಬೇಡಿ. ಅದರ ಕೆಳಗಿನ ಸಹಿಯು ಬೇರೆ ಕೈ. ಹುಡುಗನು ಆಗಲೇ ರಾತ್ರಿಶಾಲೆಗೆ ಹೋಗತೊಡಗಿದ್ದಿರಬೇಕು. ಕಾರ್ಯದರ್ಶಿಗಳು ಲೇಖನಿಯನ್ನು ಅವನ ಕೈಗೆ ಕೊಟ್ಟಿದ್ದಾರೆ. ಅವನ ಹೆಸರಿನಲ್ಲಿ ‘ರ’ಕಾರವು ಎರಡು ಬಾರಿ ಬರುತ್ತದೆ. ಮೊದಲನೆಯದರ ತಲೆಕಟ್ಟು ಅಕ್ಷರದಿಂದ ಬಿಟ್ಟು ದೂರ ನಿಂತಿದೆ. ಎರಡನೆಯದನ್ನು ತಿದ್ದಿ ತಿದ್ದಿ ಶಾಯಿಯು ಕಾರ್ಡಿನ ಹಿಂಬದಿಗೆ ಇಳಿದಿದೆ.

ಕಿರಿಯ ಮಿತ್ರರು ಕಾರ್ಡನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಸಂಪುಟದಲ್ಲಿ ಹನ್ನೆರಡು ಕಾರ್ಡುಗಳೂ ಇದ್ದ ಗಾತ್ರದಲ್ಲಿಯೇ, ಇದ್ದ ಹಾಗೆಯೇ ಚಿತ್ರಗಳಾಗಿ ಅಚ್ಚಾಗಿವೆ. ಎದುರು ಪುಟದಲ್ಲಿ ಸಾದಾ ಅಕ್ಷರಗಳಲ್ಲಿ ಪಾಠವನ್ನು ಕೊಟ್ಟಿದೆ. ಬಿಡುಗಡೆ ಸಮಾರಂಭದ ಆಮಂತ್ರಣಪತ್ರಿಕೆಯನ್ನು ಅವರು ‘ನವಿಲು’ ಅಕ್ಷರಗಳಲ್ಲಿ ಅಚ್ಚು ಹಾಕಿಸಿದರು.